ಗಟ್ಟಿ ಬುಲೆಟ್ ಹಾಕಿದರೂ ನಳಿಗೆಗೆ ಸೀಸ ಮೆತ್ತಿಕೊಳ್ಳುತ್ತಿದೆ, ಏನು ಮಾಡಲಿ?

ಹೊಸಮದ್ದು:
ನಮಸ್ಕಾರ ಎಲ್ಲರಿಗೂ. .357 ಮ್ಯಾಗ್ನಮ್ ರಿವಾಲ್ವರ್ ಇದೆ, ಆದರೆ ಹೊಡೆಯುವುದೆಲ್ಲ ಹೆಚ್ಚಾಗಿ .38 ಸ್ಪೆಷಲ್ (ಅದರಲ್ಲೇ ಹೋಗುವ, ಒತ್ತಡ ಕಮ್ಮಿಯ ತೋಟಾ). ಹೊಡೆದ ಕೇಸ್‌ಗಳನ್ನು (ತೋಟಾದ ಹಿತ್ತಾಳೆ ಕೋಶ) ನಾನೇ ಮತ್ತೆ ತುಂಬಿ ರೀಲೋಡ್ ಮಾಡುತ್ತೇನೆ. ಬುಲೆಟ್ ಮಾತ್ರ ರೆಡಿಮೇಡ್: 158 ಗ್ರೇನ್ (ಸುಮಾರು 10 ಗ್ರಾಂ) ಸೆಮಿ ವಾಡ್‌ಕಟರ್ (ಚಪ್ಪಟೆ ಮೂತಿಯದು), ಹಾರ್ಡ್‌ಕಾಸ್ಟ್ (ಗಟ್ಟಿ ಸೀಸದ ಎರಕ), 0.358 ಇಂಚು, ಗಡಸು 18 ಬ್ರಿನೆಲ್ (ಲೋಹದ ಗಡಸು ಅಳೆಯುವ ಅಂಕೆ) ಅಂತ ಡಬ್ಬದ ಮೇಲಿದೆ. ಲೋಡ್ (ಮದ್ದಿನ ಪ್ರಮಾಣ) ಮ್ಯಾನ್ಯುಯಲ್‌ನಲ್ಲಿರುವ ಮಧ್ಯದ್ದು, ಜೋರೇನಿಲ್ಲ. ಆದರೂ ಒಂದು ಡಬ್ಬ ಮುಗಿಯುವಷ್ಟರಲ್ಲಿ ನಳಿಗೆಯೊಳಗೆ ಸೀಸ ಪದರ ಕಟ್ಟಿರುತ್ತದೆ, ಗುರಿಹಲಗೆಯಲ್ಲಿ ಹೊಡೆತಗಳ ಗುಂಪು ಚೆಲ್ಲಾಪಿಲ್ಲಿ ಆಗುತ್ತದೆ. ಸೀಸ ಮೆತ್ತಗಿದೆ, ಇನ್ನೂ ಗಟ್ಟಿ ತಗೋ ಅಂತ ಕೆಲವರು ಹೇಳಿದರು. 22 ಬ್ರಿನೆಲ್‌ನದು ತರಿಸಿದೆ. ಅದರಲ್ಲಿ ಇನ್ನೂ ಜಾಸ್ತಿ! ತಲೆ ಕೆಟ್ಟಿದೆ. ಉಜ್ಜಿ ಉಜ್ಜಿ ಕೈ ನೋವು ಬೇರೆ.

ಅಚ್ಚುಗಾರ:
ಮೊದಲು ಒಂದೇ ಪ್ರಶ್ನೆ. ಸೀಸ ಅಂಟಿರುವುದು ಎಲ್ಲಿ? ಸಿಲಿಂಡರ್ ಪಕ್ಕದಲ್ಲಿ, ಫೋರ್ಸಿಂಗ್ ಕೋನ್ (ಬುಲೆಟ್ ನಳಿಗೆಗೆ ನುಗ್ಗುವ ಕಡೆಯ ಇಳಿಜಾರು ಭಾಗ) ದಾಟಿದ ಕೂಡಲೇನಾ, ಇಲ್ಲ ನಳಿಗೆಯ ಬಾಯಿ ಹತ್ತಿರನಾ, ಇಲ್ಲ ಉದ್ದಕ್ಕೂನಾ? ಇದು ಗೊತ್ತಾಗದೆ ಯಾರು ಏನು ಹೇಳಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಗುಡುಗು44:
ಇದಕ್ಕೆ ಇಷ್ಟೆಲ್ಲ ಯಾಕೆ? ಪೌಡರ್ ಕೋಟಿಂಗ್ (ಬುಲೆಟ್‌ಗೆ ಬಣ್ಣದ ಪುಡಿ ಅಂಟಿಸಿ ಬೇಯಿಸುವುದು) ಮಾಡಿಸಿಕೊಳ್ಳಿ, ಇಲ್ಲ ತಾಮ್ರ ಲೇಪಿಸಿದ್ದು ತಗೊಳ್ಳಿ. ಕೆಲಸ ಮುಗೀತು.

ಅಚ್ಚುಗಾರ:
ಕೋಟಿಂಗ್ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಅಳತೆ ತಪ್ಪಿದ ಬುಲೆಟ್‌ಗೆ ಬಣ್ಣ ಹಚ್ಚಿದರೆ ಅದು ಅಳತೆ ತಪ್ಪಿದ ಬಣ್ಣದ ಬುಲೆಟ್ ಅಷ್ಟೇ. ಅವರು ಉತ್ತರ ಕೊಡಲಿ.

ಹೊಸಮದ್ದು:
ಈಗ ಟಾರ್ಚ್ ಹಾಕಿ ನೋಡಿದೆ. ಕೋನ್ ದಾಟಿದ ಮೇಲೆ ಮೊದಲ ಒಂದೂವರೆ ಇಂಚಲ್ಲೇ ಎಲ್ಲ ಇದೆ. ಬೂದು ಬಣ್ಣದ ಹಾಳೆ ಹಾಳೆಯ ಥರ. ಲ್ಯಾಂಡ್‌ನ (ನಳಿಗೆಯೊಳಗಿನ ತಿರುಚು ಗೀರುಗಳ ನಡುವಿನ ಏಣು) ಮೂಲೆಗಳಲ್ಲಿ ದಪ್ಪ. ಮುಂದಕ್ಕೆ ಹೋದಂತೆ ಕಮ್ಮಿ, ಬಾಯಿ ಹತ್ತಿರ ಹೆಚ್ಚುಕಮ್ಮಿ ಚೊಕ್ಕ.

ಅಚ್ಚುಗಾರ:
ಸರಿ, ಹಾಗಾದರೆ ಅರ್ಧ ಉತ್ತರ ಸಿಕ್ಕಿತು. ಶುರುವಿನಲ್ಲೇ ಅಂಟಿದರೆ ಬುಲೆಟ್ ನಳಿಗೆಯನ್ನು ಪೂರ್ತಿ ಮುಚ್ಚುತ್ತಿಲ್ಲ ಅಂತ ಅರ್ಥ. ಸಂದಿಯಲ್ಲಿ ಬಿಸಿ ಗ್ಯಾಸ್ ನುಗ್ಗುತ್ತದೆ. ಅದು ಬುಲೆಟ್‌ನ ಪಕ್ಕವನ್ನು ಕೊರೆದು, ಕರಗಿದ ಸೀಸವನ್ನು ಮುಂದೆ ಉಗುಳುತ್ತದೆ. ಅದರ ಮೇಲೆಯೇ ಬುಲೆಟ್ ಹಾದು ಹೋಗಿ ಅದನ್ನು ಉಕ್ಕಿಗೆ ಮೆತ್ತುತ್ತದೆ. ಮುಂದಿನ ಬುಲೆಟ್ ಇನ್ನಷ್ಟು ಮೆತ್ತುತ್ತದೆ. ಉಜ್ಜಾಟದಿಂದ ಸೀಸ ಸವೆಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಹೆಚ್ಚಿನ ಸಲ ತಪ್ಪಿತಸ್ಥ ಈ ಗ್ಯಾಸೇ.

ಬಾಯಿಯ ಕಡೆ ಅಂಟಿದರೆ ಬೇರೆ ಕಥೆ, ಅಲ್ಲಿಗೆ ಹೋಗುವಷ್ಟರಲ್ಲಿ ಲೂಬ್ (ಬುಲೆಟ್‌ಗೆ ಹಚ್ಚಿದ ಜಿಡ್ಡು) ಮುಗಿದಿದೆ ಅಂತ. ಮಧ್ಯದಲ್ಲಿ ಎಲ್ಲೋ ಒಂದೇ ಜಾಗದಲ್ಲಿ ಅಂಟಿದರೆ ಅಲ್ಲಿ ನಳಿಗೆ ಒರಟಾಗಿದೆ, ಇಲ್ಲ ಇಕ್ಕಟ್ಟಾಗಿದೆ.

ಇನ್ನು ಗಟ್ಟಿ ಬುಲೆಟ್‌ನಲ್ಲಿ ಯಾಕೆ ಜಾಸ್ತಿಯಾಯಿತು ಅಂದರೆ, ಮೆತ್ತಗಿನ ಸೀಸ ಒತ್ತಡಕ್ಕೆ ಸ್ವಲ್ಪ ಉಬ್ಬಿ ಸಂದಿ ಮುಚ್ಚುತ್ತದೆ. ಗಟ್ಟಿಯದು ಉಬ್ಬುವುದಿಲ್ಲ. ಒಂದು ಅಂದಾಜು ಲೆಕ್ಕ ಇದೆ: ಬ್ರಿನೆಲ್ ಅಂಕೆಯನ್ನು 1422ರಿಂದ ಗುಣಿಸಿ, ಬಂದಷ್ಟು ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡ ಬಂದಾಗ ಸೀಸ ಉಬ್ಬಲು ಶುರು. 12 ಬ್ರಿನೆಲ್‌ಗೆ ಸುಮಾರು 17,000. .38 ಸ್ಪೆಷಲ್‌ನ ಗರಿಷ್ಠ ಮಿತಿಯೇ 17,000 ಪಿಎಸ್ಐ. ನಿಮ್ಮ 22 ಬ್ರಿನೆಲ್‌ಗೆ 31,000 ದಾಟಬೇಕು. ಅಂದರೆ ನಿಮ್ಮ ಲೋಡ್‌ಗೆ ಆ ಬುಲೆಟ್ ಕಲ್ಲಿದ್ದ ಹಾಗೆ.

ಗುಡುಗು44:
ಆ ಸೂತ್ರ ನಂಬಿಕೊಂಡು ಕೂರಬೇಡಿ. 22 ಬ್ರಿನೆಲ್ ಬುಲೆಟ್ ಅನ್ನು ಸಣ್ಣ ಲೋಡ್‌ನಲ್ಲಿ ಹೊಡೆದು ಕನ್ನಡಿಯಂಥ ನಳಿಗೆ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಅಚ್ಚುಗಾರ:
ಇದ್ದಾರೆ, ಒಪ್ಪುತ್ತೇನೆ. ಅವರ ಬುಲೆಟ್ ಮೊದಲೇ ಸರಿಯಾದ ಅಳತೆಯಲ್ಲಿ ಇರುತ್ತದೆ, ಉಬ್ಬುವ ಅಗತ್ಯವೇ ಬೀಳುವುದಿಲ್ಲ. ನಾನು ಹೇಳುವುದೂ ಅದೇ. ಅಳತೆ ಸರಿಯಿದ್ದರೆ ಗಡಸು ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಅಳತೆ ತಪ್ಪಿದ್ದರೆ ಗಡಸು ಹೆಚ್ಚಿಸಿದಷ್ಟೂ ಕೆಡುತ್ತದೆ.

ಮೈಕ್ರೋಮೀಟರ್:
ಹೊಸಮದ್ದು, ಡಬ್ಬದ ಮೇಲೆ 0.358 ಅಂತ ಇದ್ದರೆ ಸಾಲದು. ಮೂರು ಅಳತೆ ಬೇಕು: ಬುಲೆಟ್ ನಿಜವಾಗಿ ಎಷ್ಟಿದೆ, ಸಿಲಿಂಡರ್ ಥ್ರೋಟ್ (ಬುಲೆಟ್ ಸಿಲಿಂಡರ್‌ನಿಂದ ಹೊರಬೀಳುವ ತೂತು) ಎಷ್ಟಿದೆ, ನಳಿಗೆಯ ಗ್ರೂವ್ (ಒಳಗಿನ ತಿರುಚು ಗೀರು) ಎಷ್ಟಿದೆ. ಕ್ಯಾಲಿಪರ್ ಬೇಡ, ಅರ್ಧ ಥೌ ವ್ಯತ್ಯಾಸ ಹಿಡಿಯುವಷ್ಟು ಅದು ನಂಬಿಕಸ್ಥ ಅಲ್ಲ. ಮೈಕ್ರೋಮೀಟರೇ ಬೇಕು. (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು, ಹೊಸಬರಿಗೆ.)

ಗ್ರೂವ್ ಅಳೆಯಲು ಶುದ್ಧ ಸೀಸದ ಚೂರು ಬೇಕು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಆಗುತ್ತದೆ, ನಳಿಗೆಗಿಂತ ಒಂಚೂರು ದಪ್ಪ ಇರಬೇಕು. ಗನ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ನಳಿಗೆಯಲ್ಲಿರುವ ಸೀಸ ಪೂರ್ತಿ ತೆಗೆದು, ಒಳಗೆ ಎಣ್ಣೆ ಸವರಿ, ಗುಂಡನ್ನು ಬಾಯಿಯ ಕಡೆಯಿಂದ ಇಟ್ಟು, ಹಿತ್ತಾಳೆ ಕಡ್ಡಿಯಿಂದ ಮೆಲ್ಲಗೆ ತಟ್ಟುತ್ತಾ ತಳ್ಳಿ. ಕೈಗೆ ಏನು ಗೊತ್ತಾಗುತ್ತದೆ ಅನ್ನುವುದನ್ನು ಗಮನಿಸಿ. ಒಂದೇ ಸಮ ಜಾರಬೇಕು. ಫ್ರೇಮ್‌ಗೆ ನಳಿಗೆ ತಿರುಪಿರುವ ಜಾಗಕ್ಕೆ ಬಂದಾಗ ತಟ್ಟನೆ ಬಿಗಿಯಾದರೆ ಅಲ್ಲಿ ನಳಿಗೆ ಹಿಸುಕಿಕೊಂಡಿದೆ ಅಂತ. ಹೊರಬಂದ ಚೂರಿನ ಮೇಲೆ ದೊಡ್ಡ ಅಳತೆ ಯಾವುದೋ ಅದೇ ಗ್ರೂವ್ ಅಳತೆ.

ಒಂದು ಎಚ್ಚರಿಕೆ. ಗ್ರೂವ್‌ಗಳ ಸಂಖ್ಯೆ ಬೆಸ ಇದ್ದರೆ, ಸ್ಮಿತ್ ಅಂಡ್ ವೆಸನ್ ರಿವಾಲ್ವರ್‌ಗಳಲ್ಲಿ ಹೆಚ್ಚಾಗಿ ಐದು ಇರುತ್ತವೆ, ಮಾಮೂಲಿ ಮೈಕ್ರೋಮೀಟರ್ ಕಮ್ಮಿ ತೋರಿಸುತ್ತದೆ. ಅದರ ಎರಡು ದವಡೆ ಎದುರುಬದುರು ಕೂರುತ್ತವೆ, ಗ್ರೂವ್‌ಗೆ ಎದುರು ಗ್ರೂವ್ ಇರುವುದಿಲ್ಲವಲ್ಲ. ಅದಕ್ಕೆ ವಿ ಆಕಾರದ ದವಡೆಯದು ಬೇರೆ ಬರುತ್ತದೆ.

ಥ್ರೋಟ್‌ಗೆ ಸುಲಭದ ದಾರಿ: ಸಿಲಿಂಡರ್ ಬಿಚ್ಚಿ, ಬುಲೆಟ್ ಅನ್ನು ಮುಂದಿನಿಂದ ಇಟ್ಟು ಬೆರಳಲ್ಲಿ ಒತ್ತಿ. ಸ್ವಲ್ಪ ಒತ್ತಿದರೆ ಜಾರಿ ಹೋಗಬೇಕು. ತಾನಾಗೇ ಬಿದ್ದರೆ ಥ್ರೋಟ್ ದೊಡ್ಡದು. ಹೋಗದೇ ಇದ್ದರೆ ಚಿಕ್ಕದು. ಆರನ್ನೂ ನೋಡಿ.

ನೈನ್‌ಎಂಎಂ_ಗೋಳು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು 9 ಎಂಎಂ ಪಿಸ್ತೂಲು. ಗ್ರೂವ್ ಅಳೆದೆ, 0.3555. ಬುಲೆಟ್ 0.357, ಅಂದರೆ ಒಂದೂವರೆ ಥೌ ದಪ್ಪ. ಗಡಸು 15. ಆದರೂ ಉದ್ದಕ್ಕೂ ಸೀಸ. ಈಗ ಹೇಳಿ, ಅಳತೆ ಸರಿಯೇ ಇದೆಯಲ್ಲ?

ಅಚ್ಚುಗಾರ:
ಡಬ್ಬದಲ್ಲಿದ್ದಾಗ ಸರಿ ಇದೆ. ಕೇಸ್‌ಗೆ ಕೂರಿಸಿದ ಮೇಲೆ ಎಷ್ಟಿದೆ? ರೆಡಿಯಾದ ಒಂದು ರೌಂಡ್ ತಗೊಂಡು, ಸುತ್ತಿಗೆಯಂಥ ಪುಲ್ಲರ್‌ನಲ್ಲಿ ಬುಲೆಟ್ ವಾಪಸ್ ಕಿತ್ತು ಅಳೆಯಿರಿ. ತಳದ ಹತ್ತಿರ ಅಳೆಯಿರಿ. ಆಮೇಲೆ ಮಾತಾಡೋಣ. ಡೈ (ರೀಲೋಡ್ ಮಾಡುವ ಅಚ್ಚು) ಸೆಟ್‌ನಲ್ಲಿ ಕೊನೆಗೆ ಕ್ರಿಂಪ್ ಮಾಡುವಾಗ (ಕೇಸ್ ಬಾಯಿಯನ್ನು ಬುಲೆಟ್‌ಗೆ ಒತ್ತುವಾಗ) ಒಳಗೊಂದು ಕಾರ್ಬೈಡ್ ರಿಂಗ್ ಇರುವಂಥದ್ದು ಬಳಸುತ್ತಿದ್ದೀರಾ?

ನೈನ್‌ಎಂಎಂ_ಗೋಳು:
ಹೌದು, ಅದೇ! ಲೀ ಫ್ಯಾಕ್ಟರಿ ಕ್ರಿಂಪ್ ಡೈ. ಎಲ್ಲ ರೌಂಡ್ ಚೇಂಬರ್‌ಗೆ (ತೋಟಾ ಕೂರುವ ಗೂಡು) ಸಲೀಸಾಗಿ ಹೋಗುತ್ತವೆ ಅಂತ ಅದನ್ನೇ ಬಳಸುವುದು. ಕಿತ್ತು ಅಳೆದೆ. 0.3545 ಬಂತು. ಎರಡೂವರೆ ಥೌ ಎಲ್ಲಿ ಹೋಯಿತು?!

ಅಚ್ಚುಗಾರ:
ಎರಡು ಕಡೆ ಹೋಗಿರಬಹುದು. ಮೊದಲನೆಯದು ಎಕ್ಸ್‌ಪಾಂಡರ್. ಮಾಮೂಲಿ 9 ಎಂಎಂ ಡೈಯಲ್ಲಿ ಕೇಸ್‌ನ ಬಾಯಿ ಅಗಲಿಸುವ ಪ್ಲಗ್ ಜಾಕೆಟ್ (ಸೀಸದ ಮೇಲೆ ತಾಮ್ರದ ಹೊದಿಕೆ) ಇರುವ 0.355 ಬುಲೆಟ್‌ಗೆ ಅಂತ ಮಾಡಿದ್ದು. ಚಿಕ್ಕದು, ಗಿಡ್ಡದು. ಜಾಕೆಟ್ ಇದ್ದರೆ ಬುಲೆಟ್ ಗೆಲ್ಲುತ್ತದೆ, ಕೇಸ್ ಹಿಗ್ಗುತ್ತದೆ. ಬರೀ ಸೀಸ ಇದ್ದರೆ ಕೇಸ್ ಗೆಲ್ಲುತ್ತದೆ, ಬುಲೆಟ್ ಕುಗ್ಗುತ್ತದೆ. ಅದರ ಮೇಲೆ 9 ಎಂಎಂ ಕೇಸ್ ಒಳಗೋಡೆ ಕೆಳಕ್ಕೆ ಹೋದಂತೆ ದಪ್ಪವಾಗುತ್ತದೆ, ಉದ್ದದ ಬುಲೆಟ್ ಆಳಕ್ಕೆ ಕೂತರೆ ಅದರ ತಳವೇ ಹಿಸುಕುತ್ತದೆ. ತಳ ತಾನೇ ಗ್ಯಾಸ್ ತಡೆಯಬೇಕಾದ್ದು?

ಎರಡನೆಯದು ನಿಮ್ಮ ಆ ರಿಂಗ್. ಕೂತ ಬುಲೆಟ್ ಸಮೇತ ಕೇಸನ್ನು ಹಿಂಡುತ್ತದೆ. ಜಾಕೆಟ್ ಬುಲೆಟ್ ಸ್ವಲ್ಪ ಪುಟಿಯುತ್ತದೆ, ಸೀಸ ಪುಟಿಯುವುದಿಲ್ಲ. ಹಿಂಡಿದ್ದು ಹಿಂಡಿದ್ದೇ. ಅದು ಕೆಟ್ಟ ಡೈ ಅಲ್ಲ, ದಪ್ಪ ಸೀಸದ ಬುಲೆಟ್‌ಗೆ ಆಗಿಬರುವುದಿಲ್ಲ ಅಷ್ಟೇ.

ಆ ಡೈ ಪಕ್ಕಕ್ಕಿಡಿ. ಮಾಮೂಲಿ ಟೇಪರ್ ಕ್ರಿಂಪ್ ತಗೊಳ್ಳಿ, ಬಾಯಿ ಅರಳಿಸಿದ್ದನ್ನು ವಾಪಸ್ ನೇರ ಮಾಡುವಷ್ಟು ಸಾಕು. ಸೀಸದ ಬುಲೆಟ್‌ಗೆ ಅಂತಲೇ ಎರಡು ಮೆಟ್ಟಿಲಿನ ಎಕ್ಸ್‌ಪಾಂಡರ್ ಬರುತ್ತದೆ, ಲೈಮನ್‌ನವರದ್ದನ್ನು ಎಂ ಡೈ ಅಂತಾರೆ, ಅಂಥದ್ದು ಹಾಕಿ. ಬಾಯಿ ಎಷ್ಟು ಅರಳಬೇಕು ಅಂದರೆ ಬುಲೆಟ್ ಕೂರುವಾಗ ಅಂಚು ಸೀಸ ಕೆರೆಯಬಾರದು. ಕೆರೆದರೆ ಕೇಸ್ ಬಾಯಲ್ಲಿ ಉಂಗುರದಂಥ ಸಿಪ್ಪೆ ನಿಲ್ಲುತ್ತದೆ, ಅದನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ.

ಮೈಕ್ರೋಮೀಟರ್:
ಇದಕ್ಕೆ ಸೇರಿಸುವುದು ಒಂದಿದೆ, ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. ಎಕ್ಸ್‌ಪಾಂಡರ್ ದೊಡ್ಡದು ಮಾಡಿದ ಮೇಲೆ ಕೇಸ್ ಬುಲೆಟ್ ಅನ್ನು ಗಟ್ಟಿಯಾಗಿ ಹಿಡಿದಿದೆಯಾ ನೋಡಿ. ರೌಂಡ್ ಅನ್ನು ಬೆಂಚ್ ಅಂಚಿಗೆ ಒತ್ತಿ, ಉದ್ದ ಮೊದಲೂ ಆಮೇಲೂ ಅಳೆಯಿರಿ. 9 ಎಂಎಂ ಕೇಸ್ ಒಳಗೆ ಜಾಗ ಕಮ್ಮಿ. ಬುಲೆಟ್ ಒಂಚೂರು ಒಳಗೆ ಸರಿದರೂ ಒತ್ತಡ ಜೋರಾಗಿ ಏರುತ್ತದೆ. ಮತ್ತೆ ಬ್ಯಾರಲ್ ಬಿಚ್ಚಿ ಚೇಂಬರ್‌ಗೆ ರೌಂಡ್ ಹಾಕಿದರೆ ತನ್ನ ಭಾರಕ್ಕೇ ಟಣ್ ಅಂತ ಕೂತು, ಬೆರಳಲ್ಲಿ ತಿರುಗಿಸಿದರೆ ತಿರುಗಬೇಕು. ಬುಲೆಟ್ ಬದಲಾಯಿಸಿದಿರಾ, ಅಳತೆ ಬದಲಾಯಿಸಿದಿರಾ, ಮ್ಯಾನ್ಯುಯಲ್‌ನ ಶುರುವಿನ ಲೋಡ್‌ಗೆ ವಾಪಸ್ ಹೋಗಿ. ಯಾರೋ ಆನ್‌ಲೈನ್‌ನಲ್ಲಿ ಹೇಳಿದ ಮದ್ದಿನ ತೂಕ ಹಾಕಬೇಡಿ. ನಾನು ಹೇಳಿದರೂ ಹಾಕಬೇಡಿ.

ಪಿಸ್ತೂಲು ಗ್ಲಾಕ್ ಆಗಿದ್ದರೆ ಇನ್ನೊಂದು. ಅವುಗಳ ಮೂಲ ಬ್ಯಾರಲ್‌ನಲ್ಲಿ ಬರೀ ಸೀಸದ ಬುಲೆಟ್ ಬೇಡ ಅಂತ ಕಂಪನಿಯ ಕೈಪಿಡಿಯಲ್ಲೇ ಇದೆ.

ನೈನ್‌ಎಂಎಂ_ಗೋಳು:
ಗ್ಲಾಕ್ ಅಲ್ಲ, ಮಾಮೂಲಿ ರೈಫ್ಲಿಂಗ್ (ನಳಿಗೆಯೊಳಗಿನ ತಿರುಚು ಗೀರು). ಎಂ ಡೈ ತರಿಸುತ್ತೇನೆ.

ಹೊಸಮದ್ದು:
ಅಳೆದೆ. ಬುಲೆಟ್ 0.358 ಸರಿಯಾಗೇ ಇದೆ. ಗ್ರೂವ್ (ಆರು ಗ್ರೂವ್) 0.3572. ಥ್ರೋಟ್‌ಗೆ ಬುಲೆಟ್ ಇಟ್ಟು ಬೆರಳಲ್ಲಿ ಒತ್ತಿದರೆ ಒಂದರಲ್ಲೂ ಹೋಗುತ್ತಿಲ್ಲ. ಮರದ ಕಡ್ಡಿ ಇಟ್ಟು ತಟ್ಟಬೇಕಾಯಿತು. ತಟ್ಟಿ ಹೊರಬಂದ ಬುಲೆಟ್ ಅಳೆದರೆ ನಾಲ್ಕರಲ್ಲಿ 0.3565, ಎರಡರಲ್ಲಿ 0.356ಕ್ಕೆ ಹತ್ತಿರ.

ಮೈಕ್ರೋಮೀಟರ್:
ಸಿಕ್ಕಿತಲ್ಲ! ನೀವು 0.358 ಹಾಕಿದರೂ 0.360 ಹಾಕಿದರೂ ಒಂದೇ. ಥ್ರೋಟ್ ಅದನ್ನು 0.3565ಕ್ಕೆ ಹಿಂಡಿ ಕಳಿಸುತ್ತದೆ. ಎದುರಿಗೆ 0.3572 ನಳಿಗೆ. ಸುತ್ತ ಸಂದಿ. ಗ್ಯಾಸ್‌ಗೆ ಬಾಗಿಲು ತೆರೆದಿಟ್ಟ ಹಾಗಾಯಿತು. ರಿವಾಲ್ವರ್‌ನಲ್ಲಿ ಅಳತೆಗಳು ಇಳಿಜಾರಾಗಿ ಇರಬೇಕು: ಥ್ರೋಟ್ ದೊಡ್ಡದು, ಬುಲೆಟ್ ಅದಕ್ಕೆ ಸಮ, ಗ್ರೂವ್ ಅದಕ್ಕಿಂತ ಅರ್ಧದಿಂದ ಒಂದು ಥೌ ಚಿಕ್ಕದು. ನಿಮ್ಮದು ತಲೆಕೆಳಗು.

ಗುಡುಗು44:
ಹ್ಮ್. ಇದಕ್ಕೆ ಕೋಟಿಂಗ್ ಮಾಡಿದರೂ ಥ್ರೋಟ್ ಕೆರೆದು ಹಾಕುತ್ತಿತ್ತು ಅನ್ನಿ. ಸರಿ, ಇದರಲ್ಲಿ ಅಚ್ಚುಗಾರರ ಮಾತೇ ನಿಂತಿತು.

ಹೊಸಮದ್ದು:
ಈಗ ಥ್ರೋಟ್ ದೊಡ್ಡದು ಮಾಡಬೇಕಾ? ಮರಳು ಕಾಗದ ಸುತ್ತಿ ಡ್ರಿಲ್‌ನಲ್ಲಿ ತಿರುಗಿಸಿದರೆ ಆಗುತ್ತದೆ ಅಂತ ಒಂದು ಕಡೆ ಓದಿದೆ.

ಮೈಕ್ರೋಮೀಟರ್:
ಬೇಡ ಬೇಡ ಬೇಡ. ಆರು ಥ್ರೋಟ್ ಆರು ಅಳತೆ ಆಗುತ್ತವೆ, ದುಂಡಗೂ ಇರುವುದಿಲ್ಲ. ತೆಗೆದ ಉಕ್ಕನ್ನು ವಾಪಸ್ ಹಾಕಲು ಆಗಲ್ಲ ಅಲ್ವಾ? ಇದಕ್ಕೆ ಪೈಲಟ್ (ನೇರ ಹಿಡಿದಿಡುವ ದಿಂಡು) ಇರುವ ರೀಮರ್ (ತೂತು ಅಗಲಿಸುವ ಉಪಕರಣ) ಇದೆ, ಗನ್ ರಿಪೇರಿ ಬಲ್ಲವರಿಗೆ ಇದು ಸಣ್ಣ ಕೆಲಸ. 0.358ರಿಂದ 0.3585ರ ಒಳಗೆ ಆರೂ ಒಂದೇ ಸಮ ಮಾಡಿಸಿ. ಸಿಲಿಂಡರ್ ಕೊಡುವಾಗ ಫೋರ್ಸಿಂಗ್ ಕೋನ್ ಕೂಡ ನೋಡಲು ಹೇಳಿ. ಕೆಲವದರಲ್ಲಿ ಅಲ್ಲಿ ಟೂಲ್ ಗುರುತುಗಳು ಗರಗಸದ ಹಲ್ಲಿನ ಥರ ಉಳಿದಿರುತ್ತವೆ. ಒರಟಾಗಿದ್ದರೆ 11 ಡಿಗ್ರಿ ಕಟರ್‌ನಲ್ಲಿ ಒಂದು ಸಲ ಹಗುರಾಗಿ ಸವರಿದರೆ ಸಾಕು. ನುಣ್ಣಗಿದ್ದರೆ ಮುಟ್ಟುವುದೇ ಬೇಡ.

ದೂರದಗುರಿ:
ನನ್ನ ಸಮಸ್ಯೆ ಉಲ್ಟಾ. ರೈಫಲ್, .30 ಕ್ಯಾಲಿಬರ್, ಗ್ಯಾಸ್ ಚೆಕ್ (ಬುಲೆಟ್ ತಳಕ್ಕೆ ಹಾಕುವ ಲೋಹದ ಟೋಪಿ) ಇರುವ ಬುಲೆಟ್, 0.310ಕ್ಕೆ ಸೈಜ್ ಮಾಡಿದ್ದು. ನಳಿಗೆಯ ಹಿಂಭಾಗ ಎಲ್ಲ ಚೊಕ್ಕ. ಕೊನೆಯ ಮೂರು ನಾಲ್ಕು ಇಂಚು ಮಾತ್ರ ಬೂದಿ ಬೂದಿ. ಲೂಬ್ ಅಂದರೆ ಬುಲೆಟ್ ಜೊತೆಗೇ ಬಂದ ಗಟ್ಟಿ ನೀಲಿ ಮೇಣ.

ಅಚ್ಚುಗಾರ:
ಆ ಗಟ್ಟಿ ಮೇಣ ಡಬ್ಬದಲ್ಲಿ ಉದುರದೆ ಇರಲಿ ಅಂತ ಹಾಕುವುದು. ಸಾಗಾಣಿಕೆಗೆ ಒಳ್ಳೆಯದು, ನಳಿಗೆಗೆ ಅಷ್ಟಕ್ಕಷ್ಟೇ. ಮೆತ್ತಗಿನ ಲೂಬ್ ಹಾಕಿ. ಹಳೆಯ ನಂಬಿಕಸ್ಥ ಮಿಶ್ರಣ ಅಂದರೆ ಅರ್ಧ ಜೇನುಮೇಣ, ಅರ್ಧ ಅಲಾಕ್ಸ್ (ಪೆಟ್ರೋಲಿಯಂನಿಂದ ಮಾಡಿದ ಜಿಡ್ಡು). ಹಳೆ ಮೇಣವನ್ನು ಬಿಸಿ ನೀರಲ್ಲಿ ಕರಗಿಸಿ ತೆಗೆದು, ಬುಲೆಟ್ ಒಣಗಿಸಿ, ತಟ್ಟೆಯಲ್ಲಿ ನಿಲ್ಲಿಸಿ, ಕರಗಿದ ಲೂಬ್ ಅನ್ನು ಬುಲೆಟ್‌ನ ಸುತ್ತ ಇರುವ ಲೂಬ್ ಗ್ರೂವ್ ಮುಚ್ಚುವಷ್ಟು ಸುರಿದು, ಆರಿದ ಮೇಲೆ ಒಂದೊಂದಾಗಿ ಕತ್ತರಿಸಿ ತೆಗೆಯಬಹುದು. ಲೂಬ್ ಸಾಕಷ್ಟಾಗುತ್ತಿದೆಯಾ ಅಂತ ನಳಿಗೆಯೇ ಹೇಳುತ್ತದೆ. ಹೊಡೆದ ಮೇಲೆ ಬಾಯಿಯ ಅಂಚಿನಲ್ಲಿ ನಕ್ಷತ್ರದ ಆಕಾರದಲ್ಲಿ ಜಿಡ್ಡು ಕೂತಿರಬೇಕು. ನಿಮ್ಮದರಲ್ಲಿ ಒಣಗಿರುತ್ತದೆ, ಬೇಕಾದರೆ ನೋಡಿ. ಅಷ್ಟು ಮಾಡಿದರೂ ಹೋಗದಿದ್ದರೆ ವೇಗ ಸ್ವಲ್ಪ ಇಳಿಸಿ.

ದೂರದಗುರಿ:
ಬಾಯಿ ಒಣಗಿದೆ, ನಿಜ. ಕೋಟಿಂಗ್ ಮಾಡಿದರೆ ಲೂಬ್ ಗೋಜೇ ಇರುವುದಿಲ್ಲ ಅಲ್ವಾ?

ಗುಡುಗು44:
ಈಗ ನನ್ನ ಸರದಿ 🙂 ಹೌದು, ಲೂಬ್ ಬೇಡ, ಹೊಗೆಯೂ ಕಮ್ಮಿ, ಕೈಗೂ ಸೀಸ ಹತ್ತುವುದು ಕಮ್ಮಿ. ಪಾಲಿಯೆಸ್ಟರ್ ಪುಡಿ, ಪ್ಲಾಸ್ಟಿಕ್ ಡಬ್ಬ, ಏರ್‌ಸಾಫ್ಟ್ ಪ್ಲಾಸ್ಟಿಕ್ ಗುಂಡುಗಳು. ಬುಲೆಟ್ ಜೊತೆ ಎಲ್ಲ ಸೇರಿಸಿ ಡಬ್ಬವನ್ನು ಗಿರಗಿರನೆ ಆಡಿಸಿ, ಪುಡಿ ಸಮವಾಗಿ ಅಂಟುತ್ತದೆ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ. ಅಡುಗೆಗೆ ಬಳಸುವ ಓವನ್ ಬೇಡ, ಇದಕ್ಕೇ ಬೇರೆ ಇಡಿ. ಬೆಂದಿದೆಯಾ ಅಂತ ನೋಡಲು ಒಂದನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ. ಪದರ ಬಿರುಕು ಬಿಟ್ಟು ಉದುರಿದರೆ ಬೆಂದಿಲ್ಲ.

ಕೋಟಿಂಗ್ ಬುಲೆಟ್ ಅನ್ನು ಒಂದರಿಂದ ಮೂರು ಥೌ ದಪ್ಪ ಮಾಡುತ್ತದೆ, ಆಮೇಲೆ ಸೈಜಿಂಗ್ ಡೈಯಲ್ಲಿ ಹಾಯಿಸಲೇಬೇಕು. ಮತ್ತೆ ನೀರಿಗೆ ಬೀಳಿಸಿ ಗಟ್ಟಿ ಮಾಡಿದ ಬುಲೆಟ್ ಆಗಿದ್ದರೆ ಓವನ್ ಬಿಸಿಗೆ ಆ ಗಟ್ಟಿತನ ಇಳಿಯುತ್ತದೆ. ಬೇಕಿದ್ದರೆ ಓವನ್‌ನಿಂದ ನೇರ ತಣ್ಣೀರಿಗೆ ಹಾಕಿ.

ಹೊಸಮದ್ದು:
ಸಿಲಿಂಡರ್ ರಿಪೇರಿಗೆ ಕೊಟ್ಟಿದ್ದೇನೆ. ಅಷ್ಟರಲ್ಲಿ ನಳಿಗೆಯ ಸೀಸ ಪೂರ್ತಿ ತೆಗೆಯಬೇಕು. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಅರ್ಧರ್ಧ ಸುರಿದರೆ ಸೀಸ ಕರಗುತ್ತದೆ ಅಂತಾರಲ್ಲ?

ಮೈಕ್ರೋಮೀಟರ್:
ಕರಗುತ್ತದೆ. ಕರಗಿ ಲೆಡ್ ಅಸಿಟೇಟ್ ಆಗುತ್ತದೆ, ನೀರಲ್ಲಿ ಬೆರೆಯುವ ಸೀಸದ ವಿಷ. ಕೈಗೆ ಹತ್ತಿದರೂ ಕಷ್ಟ, ಎಲ್ಲಿ ಚೆಲ್ಲುವುದು ಅನ್ನುವುದೂ ಕಷ್ಟ. ಸ್ವಲ್ಪ ಹೊತ್ತು ಜಾಸ್ತಿ ಬಿಟ್ಟರೆ ಉಕ್ಕನ್ನೂ ತಿನ್ನುತ್ತದೆ. ಬೇಡ.

ಪಾತ್ರೆ ಉಜ್ಜುವ ತಾಮ್ರದ ನಾರು ಸಾಕು. ತಗೊಳ್ಳುವಾಗ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಅದು ತಾಮ್ರದ ಬಣ್ಣ ಬಳಿದ ಉಕ್ಕು, ನಳಿಗೆ ಗೀರುತ್ತದೆ. ಹಳೆ ಕಂಚಿನ ಬ್ರಷ್‌ಗೆ ಕೆಲವು ಎಳೆ ಬಿಗಿಯಾಗಿ ಸುತ್ತಿ, ರಾತ್ರಿಯೆಲ್ಲ ತೆಳು ಎಣ್ಣೆಯಲ್ಲಿ ನೆನೆಸಿಟ್ಟ ನಳಿಗೆಯಲ್ಲಿ ಹಿಂದೆ ಮುಂದೆ ಆಡಿಸಿ. ಸೀಸ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ, ಬೆಳ್ಳಿ ಕಾಗದ ಹರಿದು ಉದುರಿದ ಹಾಗೆ ಕಾಣುತ್ತದೆ. ಕೆಳಗೆ ಒದ್ದೆ ಕಾಗದ ಹಾಸಿ, ಎಲ್ಲ ಸುತ್ತಿ ಚೀಲಕ್ಕೆ ಹಾಕಿ. ಆಮೇಲೆ ತಣ್ಣೀರು ಸೋಪಲ್ಲಿ ಕೈ ತೊಳೆಯಿರಿ. ಅಲ್ಲಿಯವರೆಗೆ ಏನೂ ತಿನ್ನಬೇಡಿ.

ಗುಡುಗು44:
ಕೊನೆಗೆ ನಾಲ್ಕು ಜಾಕೆಟ್ ಬುಲೆಟ್ ಹೊಡೆದರೆ ಸೀಸ ಹೋಗುತ್ತದಲ್ಲ?

ಮೈಕ್ರೋಮೀಟರ್:
ಸ್ವಲ್ಪ ಹೋಗುತ್ತದೆ, ಉಳಿದದ್ದು ಇಸ್ತ್ರಿ ಮಾಡಿದ ಹಾಗೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಪದರ ದಪ್ಪ ಇದ್ದರೆ ನಳಿಗೆ ಇಕ್ಕಟ್ಟಾಗಿ ಒತ್ತಡವೂ ಏರಬಹುದು. ಅದರ ಬದಲು ಉಲ್ಟಾ ಯೋಚನೆ ಮಾಡಿ: ಮೊದಲು ಜಾಕೆಟ್ ಹೊಡೆದ ನಳಿಗೆ ಆಗಿದ್ದರೆ, ಅದರೊಳಗಿನ ತಾಮ್ರ ತೆಗೆದ ಮೇಲೆ ಸೀಸಕ್ಕೆ ಬನ್ನಿ. ತಾಮ್ರದ ಕಲೆ ಒರಟು, ಅದನ್ನೇ ಹಿಡಿದು ಸೀಸ ಅಂಟುತ್ತದೆ.

ಹೊಸಮದ್ದು:
ಸಿಲಿಂಡರ್ ವಾಪಸ್ ಬಂತು. ಆರೂ ಥ್ರೋಟ್ 0.3583. ಈಗ ಬುಲೆಟ್ ಬೆರಳಲ್ಲಿ ಒತ್ತಿದರೆ ನುಣ್ಣಗೆ ಜಾರುತ್ತದೆ. ಉಳಿದಿದ್ದ ಅದೇ 18 ಬ್ರಿನೆಲ್ ಬುಲೆಟ್, ಅದೇ ಲೋಡ್ ಹೊಡೆದೆ. ಕೋನ್ ಹತ್ತಿರ ತೆಳು ಬೂದು ಛಾಯೆ, ಒಣ ಬಟ್ಟೆ ಎರಡು ಸಲ ಎಳೆದರೆ ಹೋಯಿತು. ಆಮೇಲೆ ಗೆಳೆಯರೊಬ್ಬರು ಎರಕ ಹೊಯ್ದ 12 ಬ್ರಿನೆಲ್‌ನದು, ಮೆತ್ತಗಿನ ಲೂಬ್ ಹಾಕಿದ್ದು ಹೊಡೆದೆ. ಆ ಛಾಯೆಯೂ ಇಲ್ಲ. ಬಾಯಿಯಲ್ಲಿ ಜಿಡ್ಡಿನ ನಕ್ಷತ್ರವೂ ಬಂದಿದೆ! 22 ಬ್ರಿನೆಲ್ ಡಬ್ಬ ಹಾಗೇ ಇದೆ. ಇನ್ನೊಂದು ಪ್ರಶ್ನೆ, ಪೂರ್ತಿ .357 ಲೋಡ್‌ಗೂ ಈ 12 ಬ್ರಿನೆಲ್ ಸಾಕಾ? 1935ರಲ್ಲಿ .357 ಬಂದಾಗ ಫ್ಯಾಕ್ಟರಿಯ ಸೀಸದ ಬುಲೆಟ್‌ಗಳು ನಳಿಗೆ ಹಾಳು ಮಾಡುತ್ತಿದ್ದವು ಅಂತ ಓದಿದ್ದೇನೆ.

ಅಚ್ಚುಗಾರ:
ಆಗಿನ ಆ ಬುಲೆಟ್‌ಗಳು ತೀರಾ ಮೆತ್ತಗಿದ್ದವು, ಒತ್ತಡ ಮಾತ್ರ ಜೋರು. ಶುದ್ಧ ಸೀಸ ಸುಮಾರು 5 ಬ್ರಿನೆಲ್, ಅದರ ಹತ್ತಿರದ್ದು ಈ ಕೆಲಸಕ್ಕೆ ಆಗುವುದಿಲ್ಲ. ಆದರೆ 12 ಬೇರೆ ಮಾತು. ಎಲ್ಮರ್ ಕೀತ್ (ಅಮೆರಿಕದ ಹಳೆಯ ಗನ್ ಬರಹಗಾರ) .44ರಲ್ಲಿ ಜೋರು ಲೋಡ್ ಹೊಡೆಯುತ್ತಿದ್ದದ್ದು 16 ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿದ ಬುಲೆಟ್, ಅದು ಸುಮಾರು 11 ಬ್ರಿನೆಲ್ ಅಷ್ಟೇ, ಗ್ಯಾಸ್ ಚೆಕ್ ಕೂಡ ಇಲ್ಲ. ನಿಮ್ಮ ಥ್ರೋಟ್ ಈಗ ಸರಿ ಇದೆ. ಮ್ಯಾನ್ಯುಯಲ್‌ನ ಶುರುವಿನ ಲೋಡ್‌ನಿಂದ ಹತ್ತಿ, ಪ್ರತಿ ಮೆಟ್ಟಿಲಲ್ಲೂ ಟಾರ್ಚ್ ಹಾಕಿ ನೋಡಿ. ಎಲ್ಲಿ ಬೂದು ಶುರುವಾಗುತ್ತದೋ ಅಲ್ಲಿ ನಿಲ್ಲಿಸಿ, ಇಲ್ಲ 15ರ ಹತ್ತಿರದ ಮಿಶ್ರಣಕ್ಕೆ ಹೋಗಿ: 90 ಸೀಸ, 5 ತವರ, 5 ಆಂಟಿಮನಿ. 22ರ ಡಬ್ಬವನ್ನು ನಿಮ್ಮ ಆ ಗೆಳೆಯರಿಗೆ ಕೊಡಿ. ಶುದ್ಧ ಸೀಸದ ಜೊತೆ ಕರಗಿಸಿದರೆ ಅದರ ಆಂಟಿಮನಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ನೈನ್‌ಎಂಎಂ_ಗೋಳು:
ಎಂ ಡೈ ಬಂತು. ಈಗ ಕಿತ್ತು ಅಳೆದರೆ ಬುಲೆಟ್ ತಳ 0.3568. ಬೆಂಚ್‌ಗೆ ಒತ್ತಿದರೂ ಸರಿಯುತ್ತಿಲ್ಲ. ಆದರೆ ಒಂದು ಬ್ರ್ಯಾಂಡಿನ ಕೇಸ್‌ಗಳು ಮಾತ್ರ ಚೇಂಬರ್‌ಗೆ ಬಿಗಿ.

ಮೈಕ್ರೋಮೀಟರ್:
ಅವುಗಳ ಗೋಡೆ ದಪ್ಪ ಇರುತ್ತದೆ. ಸೀಸಕ್ಕೆ ಅಂತ ತೆಳು ಗೋಡೆಯ ಕೇಸ್‌ಗಳನ್ನು ಬೇರೆ ಇಡಿ, ಆ ಬ್ರ್ಯಾಂಡನ್ನು ಜಾಕೆಟ್ ಬುಲೆಟ್‌ಗೆ ಬಳಸಿ.